ಆಟದ ನಾಣ್ಯ, ಆಟಗಾರನ ಶ್ರಮ: ಅಂತರಜಾಲ ಕ್ರೀಡಾಲೋಕದ ಅರ್ಥವ್ಯವಸ್ಥೆ

ಆಟವೆಂಬುದು ದುಡಿಮೆಗೆ ವಿರುದ್ಧವಾದದ್ದೆಂಬ ಭಾವನೆ ಲೋಕರೂಢಿಯಲ್ಲಿದೆ. ಸಾವಿರಾರು ಜನರು ಅಂತರಜಾಲದ ಮೂಲಕ ಏಕಕಾಲಕ್ಕೆ ಪಾಲ್ಗೊಳ್ಳುವ ಕಲ್ಪಿತ ಲೋಕದ ಆಟಗಳು ಈ ಭಾವನೆಯನ್ನು ಅಲುಗಾಡಿಸಿವೆ. ಅಲ್ಲಿ ಮೀನು ಹಿಡಿಯುವವರು, ಅದಿರು ಅಗೆಯುವವರು, ಆಯುಧ ಮಾಡುವವರು, ಇವರೆಲ್ಲರ ಸರಕನ್ನು ಕೊಂಡು ಮಾರುವ ವರ್ತಕರು ಇದ್ದಾರೆ. 2001ರ ಡಿಸೆಂಬರಿನಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ ಅವರು 'ಎವರ್‌ಕ್ವೆಸ್ಟ್' ಎಂಬ ಆಟದ ಕಲ್ಪಿತ ಭೂಮಿಯಾದ ನೊರಾತ್ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಆಟದ ನಾಣ್ಯ ಮತ್ತು ಸರಕುಗಳು ಹೊರಗಿನ ಹರಾಜಿನಲ್ಲಿ ಡಾಲರಿಗೆ ಮಾರಾಟವಾಗುತ್ತಿದ್ದ ಬೆಲೆಯನ್ನು ಆಧಾರವಾಗಿಟ್ಟುಕೊಂಡು, ಆ ಇಲ್ಲದ ನಾಡಿನ ತಲಾ ರಾಷ್ಟ್ರೀಯ ಉತ್ಪನ್ನ 2,266 ಡಾಲರ್ ಎಂದೂ, ಅದು ರಷ್ಯಾ ಮತ್ತು ಬಲ್ಗೇರಿಯಗಳ ನಡುವೆ ನಿಲ್ಲುತ್ತದೆಂದೂ ಅವರು ಲೆಕ್ಕ ಹಾಕಿದರು. ಆ ಬಳಿಕ ವಿದ್ವಾಂಸರು ಈ ವಿಷಯವನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಕಷ್ಟವಾಯಿತು.

ಇಂತಹ ಲೋಕದ ಹಣದ ಹುಟ್ಟು ವಿಚಿತ್ರವಾದದ್ದು. ಅಲ್ಲಿ ನಾಣ್ಯವನ್ನು ಹೊರಡಿಸುವ ರಿಸರ್ವ್ ಬ್ಯಾಂಕ್ ಇಲ್ಲ. ಆಟಗಾರನು ರಾಕ್ಷಸನೊಬ್ಬನನ್ನು ಕೊಂದಾಗಲೆಲ್ಲ ಶೂನ್ಯದಿಂದ ಹತ್ತಾರು ನಾಣ್ಯ ಹುಟ್ಟುತ್ತವೆ. ಎಂದರೆ ಪ್ರತಿಯೊಬ್ಬ ಆಟಗಾರನೂ ಒಂದು ಟಂಕಸಾಲೆ. ಕೆರೆಯ ಹೋಲಿಕೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ನೀರು ತರುವ ಕಾಲುವೆ ಹಗಲಿರುಳೂ ಹರಿಯುತ್ತಿದ್ದು, ಹೊರಬಿಡುವ ತೂಬು ಕಿರಿದಾಗಿದ್ದರೆ ಕೆರೆ ಉಕ್ಕುತ್ತದೆ, ಬೆಲೆಗಳು ಏರುತ್ತವೆ. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಒಬ್ಬ ಆಟಗಾರ ಮತ್ತೊಬ್ಬನಿಂದ ಕತ್ತಿ ಕೊಂಡರೆ ಹಣ ಕಡಿಮೆಯಾಗುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೆ. ದುರಸ್ತಿ, ಪ್ರಯಾಣ, ತೆರಿಗೆ ಮುಂತಾಗಿ ಆಟದ ಯಂತ್ರಕ್ಕೇ ತೆತ್ತ ಹಣ ಮಾತ್ರ ನಾಶವಾಗುತ್ತದೆ. ಆಟಗಾರರ ನಡುವಿನ ವಾದಗಳಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಮರೆತುಹೋಗಿರುತ್ತದೆ.

ಇಂಗ್ಲೆಂಡಿನ ಕೇಂಬ್ರಿಡ್ಜಿನ ಜ್ಯಾಗೆಕ್ಸ್ ಸಂಸ್ಥೆ 2001ರಲ್ಲಿ ಆರಂಭಿಸಿದ 'ರೂನ್‌ಸ್ಕೇಪ್' ಈ ಬಗೆಯ ಅಧ್ಯಯನಕ್ಕೆ ಸಮೃದ್ಧವಾದ ಆಕರ. ಅದರಲ್ಲಿ ವಸ್ತುವನ್ನು ನಿಗದಿತ ದರದಲ್ಲಿ ನಾಣ್ಯವಾಗಿಸುವ ರಸವಿದ್ಯೆಯ ಮಂತ್ರವೊಂದಿದೆ. ಕವಚವೊಂದರ ಪೇಟೆಯ ಬೆಲೆ ಆ ದರಕ್ಕಿಂತ ತೀರ ಕೆಳಗಿಳಿದರೆ ಜನ ಅದನ್ನು ಕೊಂಡು ಕರಗಿಸುತ್ತಾರೆ. ಹೀಗಾಗಿ ಅದು ಕುಶಲಕರ್ಮಿಗೆ ಬೆಂಬಲ ಬೆಲೆಯಂತೆ ಕೆಲಸ ಮಾಡುತ್ತದೆ. ಅದೇ ವೇಳೆಗೆ ಕೆರೆಗೆ ಹೊಸ ನೀರನ್ನೂ ತರುತ್ತದೆ. ಒಂದು ಕೈಯಿಂದ ಕಾಪಾಡಿ ಇನ್ನೊಂದು ಕೈಯಿಂದ ಕೆಡಿಸುವ ವ್ಯವಸ್ಥೆಯಿದು. ಬೆಲೆಯೇರಿಕೆಯ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ ಎಂಬುದೂ ಇಲ್ಲಿ ಸ್ಪಷ್ಟ. ಮೀನು, ಅದಿರು ಮಾರುವ ಹೊಸಬನ ಸರಕಿಗೂ ಬೆಲೆ ಏರುವುದರಿಂದ ಅವನು ತಕ್ಕಮಟ್ಟಿಗೆ ಬಚಾವಾಗುತ್ತಾನೆ; ನಿಗದಿತ ನಾಣ್ಯದ ಬಹುಮಾನವನ್ನು ನೆಚ್ಚಿದವನು ಸೋಲುತ್ತಾನೆ. 2001ರ ಕ್ರಿಸ್ಮಸ್ಸಿನಲ್ಲಿ ಪುಕ್ಕಟೆಯಾಗಿ ಹಂಚಿದ್ದ ಕಾಗದದ ಟೋಪಿಗಳ ಕಥೆ ಪ್ರಸಿದ್ಧವಾಗಿದೆ. ಅವುಗಳನ್ನು ಮತ್ತೆ ಹೊರತರಲಿಲ್ಲ. ಕೆಲವು ಬಣ್ಣದವುಗಳ ಬೆಲೆ ಕ್ರಮೇಣ 214 ಕೋಟಿ ನಾಣ್ಯ ಮೀರಿತು. ಒಂದು ರಾಶಿಯಲ್ಲಿ ಗಣಕವು ಎಣಿಸಬಲ್ಲ ಗರಿಷ್ಠ ಸಂಖ್ಯೆಯೇ 214,74,83,647. ಆದರೆ ಆ ಟೋಪಿ ಯಾವ ಕಾಳಗದಲ್ಲೂ ನೆರವಾಗುವುದಿಲ್ಲ. ಆದ್ದರಿಂದ ಅದನ್ನು ಅನ್ಯಾಯವೆನ್ನುವುದಕ್ಕಿಂತ ವಿನೋದವೆನ್ನುವುದೇ ಸರಿ.

ನಿಜವಾದ ಬಿಕ್ಕಟ್ಟು ಹೊರಗಿನ ದುಡ್ಡು ಒಳಬಂದಾಗ ತಲೆದೋರಿತು. ನಾಣ್ಯ ಗಳಿಸಿ ಹೊರಗೆ ಮಾರುವ ಗುಂಪುಗಳು ಕದ್ದ ಕ್ರೆಡಿಟ್ ಕಾರ್ಡುಗಳಿಂದ ಸದಸ್ಯತ್ವ ಪಡೆಯುತ್ತಿವೆಯೆಂಬ ಕಾರಣ ನೀಡಿ, ಜ್ಯಾಗೆಕ್ಸ್ 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ ಕಠಿಣ ಕ್ರಮ ಕೈಗೊಂಡಿತು. ಆಟಗಾರರ ನಡುವೆ ಬೆಲೆ ಸರಿಹೊಂದದ ವಿನಿಮಯಕ್ಕೆ ಮಿತಿ ಬಿತ್ತು. ಸೋತವನ ಸರಕು ಗೆದ್ದವನಿಗೆ ಸೇರುತ್ತಿದ್ದ ಬಯಲು ಕಾಳಗಗಳೂ ನಿಂತವು. ಕಳ್ಳ ವ್ಯಾಪಾರಕ್ಕೆ ಪೆಟ್ಟು ಬಿತ್ತೆಂಬುದು ದಿಟ. ಆದರೆ ಅಣ್ಣನು ತಮ್ಮನಿಗೆ ಕತ್ತಿಯೊಂದನ್ನು ಉಡುಗೊರೆ ಕೊಡುವುದೂ, ಗೆಳೆಯನಿಗೆ ಸಾಲ ಕೊಡುವುದೂ ಅದೇ ಏಟಿಗೆ ಕಷ್ಟವಾದವು. ಯಂತ್ರದ ಕಣ್ಣಿಗೆ ಔದಾರ್ಯವೂ ಅಕ್ರಮವೂ ಒಂದೇ ಆಗಿ ಕಂಡವು. 2011ರ ಆರಂಭದಲ್ಲಿ ಮುಗಿದ ಮತದಾನದಲ್ಲಿ ಸುಮಾರು 12 ಲಕ್ಷ ಮತಗಳು ಬಿದ್ದು, ಶೇಕಡಾ 91ರಷ್ಟು ಮುಕ್ತ ವಿನಿಮಯದ ಪರವಾಗಿದ್ದವು. ಅದೇ ವರ್ಷ ಫೆಬ್ರವರಿ 1ರಂದು ಹಳೆಯ ವ್ಯವಸ್ಥೆ ಮರಳಿತು.

ಆನಂತರದ ಉಪಾಯ ಹೆಚ್ಚು ಜಾಣತನದ್ದು. 2013ರಲ್ಲಿ 'ಬಾಂಡ್' ಎಂಬ ಪತ್ರ ಬಂತು. ಹಣವುಳ್ಳವನು ಸಂಸ್ಥೆಯಿಂದ ಅದನ್ನು ಕೊಂಡು ಆಟದ ನಾಣ್ಯಕ್ಕೆ ಮಾರುತ್ತಾನೆ. ಬಿಡುವುಳ್ಳವನು ನಾಣ್ಯ ತೆತ್ತು ಅದನ್ನು ಪಡೆದು ಕೆಲವು ದಿನಗಳ ಸದಸ್ಯತ್ವ ಗಳಿಸುತ್ತಾನೆ. ಇದರಿಂದ ಹೊಸ ನಾಣ್ಯ ಹುಟ್ಟುವುದಿಲ್ಲವಾದ್ದರಿಂದ ಹಣದ ಸಮತೋಲ ಕೆಡುವುದಿಲ್ಲ. ನ್ಯಾಯದ ಪ್ರಶ್ನೆ ಮಾತ್ರ ಉಳಿಯುತ್ತದೆ: ಹತ್ತು ದಿನ ಶ್ರಮಿಸಿದವನ ಪಕ್ಕದಲ್ಲಿ ಹತ್ತು ನಿಮಿಷದಲ್ಲಿ ಕೊಂಡವನು ನಿಲ್ಲುತ್ತಾನೆ. ಸಮತೋಲವಿದ್ದಲ್ಲೆಲ್ಲ ನ್ಯಾಯವಿರಬೇಕೆಂದಿಲ್ಲ. 'ಡಯಾಬ್ಲೊ 3' ಆಟದಲ್ಲಿ 2012ರಲ್ಲಿ ತೆರೆದ ನಿಜ ಹಣದ ಹರಾಜುಕಟ್ಟೆಯನ್ನು 2014ರ ಮಾರ್ಚಿನಲ್ಲಿ ಮುಚ್ಚಬೇಕಾಯಿತು. ಕಾದಾಡಿ ಗಳಿಸುವುದಕ್ಕಿಂತ ಕೊಳ್ಳುವುದೇ ಲಾಭವಾದಾಗ ಆಡುವುದಕ್ಕೆ ಕಾರಣವೇ ಉಳಿಯಲಿಲ್ಲ.

ಈ ಪ್ರಶ್ನೆಯ ಅತ್ಯಂತ ಕಟುವಾದ ರೂಪ ಕಂಡದ್ದು ರೂನ್‌ಸ್ಕೇಪಿನ ಹಳೆಯ ಮಾದರಿಯನ್ನು 2013ರಲ್ಲಿ ಮರಳಿ ತೆರೆದ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ. 2017ರ ಸುಮಾರಿಗೆ, ಸ್ವದೇಶದ ಹಣ ಕುಸಿದು ಬಿದ್ದಿದ್ದ ವೆನೆಜುವೆಲದ ಅನೇಕರು ಅದರಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು ಗಳಿಸಿದ ನಾಣ್ಯವನ್ನು ಹೊರಗೆ ಮಾರಿ ಅನ್ನ ಸಂಪಾದಿಸತೊಡಗಿದರು. ಇದು ನಿಯಮಬಾಹಿರ. ಆದರೆ ಇವರನ್ನು ಹುಡುಕಿ ಕೊಲ್ಲುವುದು ಹೇಗೆಂದು ಕೆಲವು ಆಟಗಾರರು ಕೈಪಿಡಿ ಬರೆದು ಹಂಚಿದ್ದು ಆಟದ ಚರಿತ್ರೆಯಲ್ಲಿ ಹೆಮ್ಮೆಯ ಅಧ್ಯಾಯವಲ್ಲ. ಇವರು ಹಣದುಬ್ಬರ ತರುತ್ತಾರೆಂಬ ಆರೋಪವೂ ಪೂರ್ತಿ ನಿಲ್ಲುವುದಿಲ್ಲ. ಡ್ರ್ಯಾಗನ್ನಿನಿಂದ ದೊರೆಯುವ ಮುಖ್ಯ ಸಂಪತ್ತು ಎಲುಬು ಮತ್ತು ತೊಗಲು; ಅವುಗಳನ್ನು ಮಾರಿ ಬಂದ ನಾಣ್ಯ ಇನ್ನೊಬ್ಬ ಆಟಗಾರನ ಜೇಬಿನದೇ ಹೊರತು ಹೊಸದಾಗಿ ಹುಟ್ಟಿದ್ದಲ್ಲ. ಅವರಿಂದ ಎಲುಬು ಅಗ್ಗವಾಯಿತೆಂದು ಹೇಳುವುದು ಹೆಚ್ಚು ಸಮಂಜಸ. ಆಟದೊಳಗೆ ಎಲ್ಲರ ಒಂದು ಗಂಟೆಗೂ ಒಂದೇ ಬೆಲೆ. ಹೊರಗೆ ಹಾಗಿಲ್ಲದಿರುವುದೇ ಈ ಕಲಹದ ಬೇರು.

ಉಕ್ಕುವ ಕೆರೆಗೆ ಇದೇ ಆಟದಲ್ಲಿ 2021ರ ಡಿಸೆಂಬರಿನಲ್ಲಿ ಹೊಸ ತೂಬೊಂದನ್ನು ಇಡಲಾಯಿತು. ಸಾರ್ವಜನಿಕ ಮಾರುಕಟ್ಟೆಯ ಪ್ರತಿ ಮಾರಾಟಕ್ಕೂ ಶೇಕಡಾ 1ರಷ್ಟು ತೆರಿಗೆ ಬಿತ್ತು. 2025ರಲ್ಲಿ ಅದು 2ಕ್ಕೇರಿತು. ವಸೂಲಾದ ನಾಣ್ಯದ ಒಂದು ಭಾಗದಿಂದ ಅಗತ್ಯಕ್ಕಿಂತ ಹೆಚ್ಚಾದ ಸರಕನ್ನು ಆಟವೇ ಕೊಂಡು ನಾಶಮಾಡುತ್ತದೆ. ಒಂದು ವಸ್ತುವಿನ ಮೇಲಿನ ತೆರಿಗೆ 50 ಲಕ್ಷ ನಾಣ್ಯ ಮೀರಬಾರದೆಂಬ ಮಿತಿಯಿರುವುದರಿಂದ ಅತಿ ಶ್ರೀಮಂತರಿಗೆ ಅದು ಹಗುರ. ಇತ್ತ ಸುತ್ತಿಗೆ, ಗರಗಸ, ಗುದ್ದಲಿ, ಸೂಜಿಗಳಂತಹ ಕೆಲವು ಸಲಕರಣೆಗಳನ್ನೂ ತೆರಿಗೆಯಿಂದ ಹೊರಗಿಡಲಾಗಿದೆ. ಹೊಸಬನ ಕೈಗೆ ಮೊದಲು ಬೇಕಾಗುವುದು ಇಂಥವೇ.