ಯಜಮಾನರ ರಿಪೋರ್ಟ್ ಬಂತು, ನಿಮ್ಮದೆಲ್ಲಿ?

ಯಜಮಾನರ ಕೊಲೆಸ್ಟ್ರಾಲ್ ಎಷ್ಟು ಅಂತ ಕೇಳಿದರೆ ನೀವು ಥಟ್ಟನೆ ಹೇಳ್ತೀರಿ. ಅತ್ತೆಯವರ ಶುಗರ್, ಮಾವನವರ ಬಿ.ಪಿ. ಎಲ್ಲಾ ನಿಮಗೆ ಬಾಯಿಪಾಠ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಅನ್ನೋದೂ ಗೊತ್ತು. ಸರಿ, ನಿಮ್ಮ ಕೊಲೆಸ್ಟ್ರಾಲ್ ಎಷ್ಟು?

‘ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಅಂತೀರಾ? ತೊಂದರೆ ಇರೋದೇ ಅಲ್ಲಿ. ಕೊಲೆಸ್ಟ್ರಾಲ್ ಹೆಚ್ಚಾದರೆ ನೋವಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷೆ ಮಾಡಿಸದೆ ಅದು ಗೊತ್ತಾಗುವುದೇ ಇಲ್ಲ.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಗಾಬರಿಯಾದಾಗ ದೂರದೂರಿಗೆ ಓಡುವುದಕ್ಕಿಂತ, ಆರಾಮಾಗಿದ್ದಾಗಲೇ ಊರಿನ ಲ್ಯಾಬ್‌ನಲ್ಲಿ ‘ಲಿಪಿಡ್ ಪ್ರೊಫೈಲ್’ ಮಾಡಿಸುವುದು ಜಾಣತನ ಅಲ್ವಾ?

ಮುಟ್ಟು ನಿಂತ ಮೇಲೆ ಎಚ್ಚರ

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹಾರ್ಮೋನು ಹೆಣ್ಣಿನ ಹೃದಯಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಅದು ಇಳಿಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಹಾಗಂತ ಚಿಕ್ಕ ವಯಸ್ಸಿನವರು ನಿಶ್ಚಿಂತೆಯಾಗಿ ಇರುವಂತಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಕೊರತೆ ಇದ್ದರೆ, ತವರಿನಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಬೇಗನೇ ಪರೀಕ್ಷೆ ಮಾಡಿಸಿ.

ರಿಪೋರ್ಟ್ ಓದುವುದು ಹೀಗೆ

ನೂರು ಮಿಲಿ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ ಇದು.

* ಒಟ್ಟು ಕೊಲೆಸ್ಟ್ರಾಲ್: 200ರ ಒಳಗಿರಲಿ.
* ಎಲ್.ಡಿ.ಎಲ್.: ಇದೇ ‘ಕೆಟ್ಟದ್ದು’. ರಕ್ತನಾಳದ ಗೋಡೆಯೊಳಗೆ ಸೇರಿ ದಾರಿ ಕಿರಿದು ಮಾಡುತ್ತದೆ. 100ರ ಒಳಗಿರಲಿ. ಈಗಾಗಲೇ ಹೃದಯದ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ ಇರಬೇಕು, ಎಷ್ಟು ಅಂತ ವೈದ್ಯರು ಹೇಳುತ್ತಾರೆ.
* ಎಚ್.ಡಿ.ಎಲ್.: ಇದು ‘ಒಳ್ಳೆಯದು’. ಹೆಂಗಸರಿಗೆ 50ಕ್ಕಿಂತ ಹೆಚ್ಚಿರಬೇಕು.
* ಟ್ರೈಗ್ಲಿಸರೈಡ್: 150ರ ಒಳಗೆ. ಸಿಹಿ, ಮೈದಾ, ಅನ್ನ ಅತಿಯಾದರೆ ಇದು ಏರುತ್ತದೆ.

ಒಟ್ಟು ಅಂಕಿ ಮಾತ್ರ ನೋಡಿ ರಿಪೋರ್ಟ್ ಮಡಚಿಡಬೇಡಿ. ಒಟ್ಟು 190 ಇದ್ದರೂ ಒಳ್ಳೆಯದು 35 ಇದ್ದರೆ ಅದು ಸರಿಯಿಲ್ಲ. ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆಯೇ ಬೇಕು ಅನ್ನುವ ಕಡ್ಡಾಯವೂ ಈಗಿಲ್ಲ. ಟ್ರೈಗ್ಲಿಸರೈಡ್ ಹೆಚ್ಚು ಬಂದರೆ ಮಾತ್ರ ಉಪವಾಸವಿದ್ದು ಮತ್ತೆ ಮಾಡಿಸಲು ಹೇಳುತ್ತಾರೆ.

ಅಡುಗೆಮನೆಯಲ್ಲಿ ಏನು ಮಾಡಬಹುದು?

* ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತಿದೆ ಎಂದು ಮರುಳಾಗಬೇಡಿ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಅನ್ನೋದನ್ನ.
* ಹೊಸದುರ್ಗ, ಹೊಳಲ್ಕೆರೆ ಕಡೆ ಮನೆ ತೋಟದ ತೆಂಗಿನಕಾಯಿಗೆ ಬರವಿಲ್ಲ. ಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಅದರ ಕೊಬ್ಬಿನಲ್ಲಿ ಬಹುಪಾಲು ಸ್ಯಾಚುರೇಟೆಡ್. ಚಟ್ನಿಗೆ ಹಾಕಿದ ದಿನ ಸಾರಿಗೆ, ಪಲ್ಯಕ್ಕೆ ಬೇಡ. ತುಪ್ಪ, ಬೆಣ್ಣೆಗೂ ಇದೇ ಮಾತು.
* ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು. ಒಗ್ಗರಣೆಗೆ ಶೇಂಗಾ ಎಣ್ಣೆ ಒಳ್ಳೆಯದೇ, ಅಳತೆ ಮೀರಬಾರದು ಅಷ್ಟೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಎರಡು ಲೀಟರ್.
* ಮಂಡಕ್ಕಿ ಜೊತೆ ಮೆಣಸಿನಕಾಯಿ ಬೋಂಡ ವಾರವಾರ ಬೇಡ. ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ.
* ರಾಗಿ ಮುದ್ದೆ, ಹುರುಳಿಕಾಳು ಸಾರು, ಸೊಪ್ಪಿನ ಬಸ್ಸಾರು ನಾರಿನಂಶ ಕೊಡುವ ನಮ್ಮದೇ ಊಟ. ಇದನ್ನು ಹೆಚ್ಚು ಮಾಡಿ.
* ಪಾತ್ರೆಯಲ್ಲಿ ಉಳಿದದ್ದು ಹಾಳಾಗುತ್ತೆ ಅಂತ ಎಲ್ಲಾ ನೀವೇ ತಿಂದು ಮುಗಿಸಬೇಡಿ!

ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ದುರ್ಗದವರಿಗೆ ಚಂದ್ರವಳ್ಳಿ ಇದೆ, ಹೊಳಲ್ಕೆರೆಯವರಿಗೆ ಬಯಲು ಗಣಪತಿ ಗುಡಿಯ ದಾರಿ ಇದೆ. ಮನೆಗೆಲಸದಲ್ಲೇ ನಡೆದಾಯ್ತು ಅನ್ನಬೇಡಿ, ಅದರಲ್ಲಿ ಒಂದೇ ಸಮ ಉಸಿರು ಏರುವುದಿಲ್ಲ.

ಆಹಾರ, ನಡಿಗೆಯಿಂದ ಇಳಿಯದಿದ್ದರೆ ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆದುಕೊಡಬಹುದು. ನಂಬರ್ ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ. ಯಜಮಾನರ ಮಾತ್ರೆಯನ್ನು ನೀವು ನುಂಗುವುದೂ ಬೇಡ. ಗರ್ಭಿಣಿಯಾಗುವ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

‘ಗ್ಯಾಸ್’ ಅಂತ ಸುಮ್ಮನಿರಬೇಡಿ

ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವು ಬರುತ್ತದೆ. ಜೊತೆಗೆ ಉಸಿರು ಕಟ್ಟುವುದು, ವಾಕರಿಕೆ, ತಣ್ಣನೆ ಬೆವರು, ದವಡೆ ಅಥವಾ ಬೆನ್ನು ನೋವು, ಕಾರಣವಿಲ್ಲದ ಸುಸ್ತು ಹೆಚ್ಚು. ಹೀಗಾದಾಗ ಜೀರಿಗೆ ಕಷಾಯ ಕುಡಿದು ಮಲಗುವವರೇ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಹಿರಿಯೂರು, ಹೊಸದುರ್ಗದಿಂದ ನೇರ ಬೆಂಗಳೂರಿಗೇ ಹೋಗೋಣ ಅಂತ ಕಾರಿಗೆ ಕಾಯುತ್ತಾ ಕೂರಬೇಡಿ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಆಗಲಿ. 2021ರ ಅಕ್ಟೋಬರ್ 29ರಂದು ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ತಂದಿರುವ ‘ಹೃದಯ ಜ್ಯೋತಿ’ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದು. ನಿಮ್ಮೂರಿನ ಆಸ್ಪತ್ರೆಯಲ್ಲಿ ಇದೆಯೇ ಅಂತ ಇವತ್ತೇ ವಿಚಾರಿಸಿಡಿ.

ಮುಂದಿನ ಸಲ ಯಜಮಾನರನ್ನು ಲ್ಯಾಬ್‌ಗೆ ಹೊರಡಿಸುವಾಗ ಚೀಟಿಯಲ್ಲಿ ನಿಮ್ಮ ಹೆಸರೂ ಇರಲಿ. ಮನೆಯವರ ನಂಬರ್‌ಗಳನ್ನೆಲ್ಲ ಬರೆದಿಟ್ಟ ಡೈರಿಯಲ್ಲಿ ನಿಮ್ಮದಕ್ಕೂ ಒಂದು ಪುಟ ಬಿಡಿ.