ಚರ್ಚಿನ ಬಾಗಿಲವರೆಗೆ ಬಂದವರು

ಕ್ರಿಸ್ತನನ್ನು ನಂಬಿದವರು ಚರ್ಚಿನ ಸದಸ್ಯರಾಗಲೇಬೇಕೇ? ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳನ್ನೂ ಒಳಗೊಂಡಿದ್ದ ಹಳೆಯ ಧಾರವಾಡ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ.

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅದರ ಪುಸ್ತಿಕೆಗಳನ್ನು ಓದಿದ ಕಾಲಜ್ಞಾನಿ ಪಂಥದವರು, ತಮ್ಮ ಭವಿಷ್ಯವಾಣಿಗೂ ಅವುಗಳ ಬೋಧನೆಗೂ ತಾಳೆಯಾಗುತ್ತದೆಂದು ಮಿಶನರಿಗಳನ್ನು ಹುಡುಕಿಕೊಂಡು ಬಂದರು. ಮಿಶನರಿ ಹರ್ಮನ್ ಮೋಗ್ಲಿಂಗ್ ಹುರುಪುಗೊಂಡರು. ಗದಗಿನ ಬಳಿಯ ಮಲಸಮುದ್ರದಲ್ಲಿ ಈ ಪಂಥದವರಿಗಾಗಿ ಬೇಸಾಯದ ವಸಾಹತೊಂದು ಶುರುವಾಯಿತು. ದೀಕ್ಷಾಸ್ನಾನದ ಮಾತು ಬಂದಾಗ ಮಾತ್ರ ಅವರು ಹಿಂದೆ ಸರಿದರು.

ಅದನ್ನು ಅಂಜುಬುರುಕುತನ ಎನ್ನುವುದು ಅನ್ಯಾಯ. ಚರ್ಚು ಸೇರಿದರೆ ಜಾತಿ, ನೆಂಟಸ್ತಿಕೆ, ಪಿತ್ರಾರ್ಜಿತ ಹೊಲ ಎಲ್ಲವೂ ಪಣಕ್ಕೆ. ಮತಾಂತರವಾದವರ ಆಸ್ತಿಹಕ್ಕು ಕಾಯುವ ಕಾನೂನು ಕಂಪನಿ ಆಳ್ವಿಕೆಯ ಪ್ರದೇಶಕ್ಕೆಲ್ಲ ಅನ್ವಯವಾದದ್ದು 1850ರಲ್ಲಿ.

ಚರ್ಚಿನ ಹೊರಗೇ ನಂಬಿಕೆ ಸಾಧ್ಯ ಎಂದವರೂ ಇದ್ದಾರೆ. ಜಪಾನಿನ ಕ್ರೈಸ್ತ ಚಿಂತಕ ಉಚಿಮುರಾ ಕಾಂಜೋ ಚರ್ಚಿಲ್ಲದ ಕ್ರೈಸ್ತಮಾರ್ಗವನ್ನೇ ಬೋಧಿಸಿದರು: ಪಾದ್ರಿಯಿಲ್ಲ, ಸಂಸ್ಕಾರವಿಲ್ಲ. ಆದರೂ ಅವರ ಬೈಬಲ್ ಅಧ್ಯಯನಕ್ಕೆ ಜನ ಸೇರುತ್ತಿದ್ದರು. ಸುವಾರ್ತೆಯೂ ಇಬ್ಬರು ಮೂವರು ಕೂಡುವುದನ್ನೇ ಹೇಳುತ್ತದೆ, ಕಟ್ಟಡವನ್ನಲ್ಲ, ಡಯಾಸಿಸ್ಸನ್ನಲ್ಲ.

ನಂಬಿಕೆಗೆ ಸದಸ್ಯತ್ವದ ದಾಖಲೆ ಬೇಕಿಲ್ಲ. ಆದರೆ ಊರು ದೂರವಿಟ್ಟ ಮನೆಯಲ್ಲಿ ಮದುವೆ, ಮಣ್ಣು ಎಂದಾಗ ನಾಲ್ಕು ಜನ ಬೇಕು. ಆ ನಾಲ್ವರಾಗುವ ಸಭೆ ಮಾತ್ರ ಸದಸ್ಯತ್ವ ಕೇಳಲು ಯೋಗ್ಯ.