ಬೀಗ ಗಟ್ಟಿ, ಹಿಡಿಕೆ ಸಡಿಲು!

ಕಪಾಟಿನ ಹಿಡಿಕೆ ಸಡಿಲಾಯಿತೆಂದು ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ.

ನಮ್ಮದು ಕುಷ್ಟಗಿ ತಾಲೂಕಿನ ಮಸಾರಿ ಹೊಲ. ಮೂರು ಎಕರೆಯಲ್ಲಿ ಅರ್ಧ ಎಕರೆ ದಾಳಿಂಬೆ, ಉಳಿದದ್ದು ಸಜ್ಜೆ, ತೊಗರಿ. ದಾಳಿಂಬೆ ಎಂದ ಮೇಲೆ ಸಿಂಪರಣೆ ತಪ್ಪಿದ್ದಲ್ಲ. ಅದನ್ನು ನಾವು ಎಣ್ಣೆ ಅಂತೇವೆ, ಔಷಧ ಅಂತೇವೆ. ಖರೇ ಹೇಳಬೇಕಂದರೆ ಅದು ವಿಷ. ಬಾಟಲಿಗಳನ್ನು ಹಿತ್ತಲ ಕೋಣೆಯ ಕಟ್ಟಿಗೆ ಕಪಾಟಿನಲ್ಲಿಟ್ಟು, ಎರಡೂ ಬಾಗಿಲಿನ ಹಿಡಿಕೆಗಳಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದೆ. ಎಡಗಡೆ ಹಿಡಿಕೆ ಆಗಾಗ ಅಲುಗಾಡುತ್ತಿತ್ತು. ಅಲುಗಾಡಿದಾಗ ತಿರುಪು ಬಿಗಿ ಮಾಡುವುದು, ವಾರ ಬಿಟ್ಟು ಮತ್ತೆ ಅದೇ ಕತೆ.

ಒಂದು ಮಧ್ಯಾಹ್ನ ಹೊಲದಿಂದ ಬಂದು ನೋಡುತ್ತೇನೆ, ನಾಲ್ಕು ವರ್ಷದ ಮೊಮ್ಮಗ ಕಪಾಟಿನ ಮುಂದೆ ಬಾಟಲಿ ಹಿಡಿದು ನಿಂತಿದ್ದಾನೆ. "ಅಜ್ಜಾ, ಇದರಾಗ ಏನೈತಿ?" ಎಡಗಡೆ ಹಿಡಿಕೆ ಕಿತ್ತು ಬಂದು, ಸರಪಳಿ-ಬೀಗದ ಸಮೇತ ಬಲಬಾಗಿಲಿಗೆ ಜೋತಾಡುತ್ತಿತ್ತು. ಬಾಟಲಿಯ ಮುಚ್ಚಳ ಬಿಚ್ಚಿರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಹುಡುಗನ ಕೈ ಸಾಬೂನಿನಲ್ಲಿ ತೊಳೆದು ಅಂಗಿ ಬದಲಿಸಿದೆವು. ನನ್ನ ಕೈ ನಡುಗುವುದು ಮಾತ್ರ ಬೇಗ ನಿಲ್ಲಲಿಲ್ಲ.

"ಬೀಗಕ್ಕ ರೊಕ್ಕಾ ಕೊಟ್ಟು ತಂದ್ರಿ. ಬೀಗ ಗಟ್ಟಿ ಐತಿ. ಹಿಡಕೀನ ಕಿತ್ತು ಬಂದ್ರ ಏನ್ ಮಾಡೂದ್ರೀ?" ಎಂದಳು ಮನೆಯಾಕೆ. ಉತ್ತರವಿರಲಿಲ್ಲ.

ಬಿಗಿ ಮಾಡಿದಷ್ಟೂ ಸಡಿಲು

ತಿರುಪನ್ನು ತೂತಿಗಿಟ್ಟು ಬೆರಳಿನಿಂದ ಒತ್ತಿದೆ. ಸರಾಗ ಒಳಗೆ ಹೋಯಿತು. ತಪ್ಪು ಆಗ ತಿಳಿಯಿತು. ತಿರುಪು ನಿಲ್ಲುವುದು ಅದರ ಸುರುಳಿ ಹಲ್ಲು ಕಟ್ಟಿಗೆಯ ಎಳೆಗಳನ್ನು ಕಚ್ಚಿಕೊಂಡಾಗ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ, ನಮ್ಮ ಬ್ಯಾಸಗಿ ಬಿಸಿಲಿಗೆ ಕುಗ್ಗುತ್ತದೆ. ಜತೆಗೆ ದಿನಾ ಜಗ್ಗುವುದು ಇದ್ದೇ ಇದೆ. ಎಳೆ ಹರಿದ ಮೇಲೆ ತಿರುಪನ್ನು ತಿರುಗಿಸಿದಷ್ಟೂ ಉಳಿದ ಎಳೆಯೂ ಪುಡಿಯಾಗುತ್ತದೆ. ದಪ್ಪ ತಿರುಪು ಬಡಿದರೆ ಹಲಗೆಯೇ ಸೀಳಬಹುದು. ಬಿಗಿ ಮಾಡುವುದು ರಿಪೇರಿಯಲ್ಲ. ತೂತು ತುಂಬುವುದು ರಿಪೇರಿ.

ಕಿನ್ನಾಳದಲ್ಲಿ ಕಂಡದ್ದು

ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಕಟ್ಟಿಗೆ ಗೊಂಬೆ ಮಾಡುವುದು ನಿಮಗೆ ಗೊತ್ತಿದ್ದದ್ದೇ. ಅವರು ಗೋಣಿತಟ್ಟಿನ ಚಿಂದಿ ನೆನೆಸಿ, ಸಣ್ಣಗೆ ಹರಿದು, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ್ದಕ್ಕೆ 'ಕಿಟ್ಟ' ಎನ್ನುತ್ತಾರೆ. ಕಟ್ಟಿಗೆಗೆ ಕಟ್ಟಿಗೆಯದೇ ಪುಡಿ, ಅದಕ್ಕೊಂದು ಗಟ್ಟಿ ಅಂಟು. ಅಷ್ಟು ಕುಸುರಿ ನನಗೆ ಬರುವುದಿಲ್ಲ. ಆದರೆ ಒಂದು ತೂತು ತುಂಬಲು ಆ ಯುಕ್ತಿ ಸಾಕೆನಿಸಿತು.

ನಾನು ಮಾಡಿದ್ದು ಹೀಗೆ

ಮೊದಲು ಬಾಟಲಿಗಳನ್ನೆಲ್ಲ ತೆಗೆದು ಬೇರೆಡೆ ಬೀಗದೊಳಗಿಟ್ಟೆ.

1. ಒಂದು ಹಿಡಿ ಹುಣಸೆ ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಬೆರೆಸಿ, ಬೆರಳಿಗೆ ಅಂಟುವವರೆಗೆ ಕುದಿಸಿದೆ. ಅಷ್ಟು ಪುರುಸೊತ್ತಿಲ್ಲದವರು ಫೆವಿಕಾಲ್ ಬಳಸಬಹುದು.

2. ಹಿಡಿಕೆ ಬಿಚ್ಚಿ ತೂತಿನ ಪುಡಿ ಊದಿ ತೆಗೆದೆ. ಮದ್ದು ಕತ್ತರಿಸಿದ ಬೆಂಕಿಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ, ಹಿಡಿಯುವಷ್ಟೂ ತುರುಕಿ, ಮೆಲ್ಲಗೆ ಬಡಿದೆ. ಸಂದಿಗೆ ಅಂಟು ಕಲಸಿದ ಕಟ್ಟಿಗೆ ಪುಡಿ ಮೆತ್ತಿದೆ.

3. ಎರಡು ದಿನ ಮುಟ್ಟಲಿಲ್ಲ. ಈ ಕೆಲಸದಲ್ಲಿ ಕಷ್ಟವಾದದ್ದು ಇದೊಂದೇ! ಒಣಗಿದ ಮೇಲೆ ಹೊರಬಂದ ಕಡ್ಡಿ ಕೊಯ್ದು ಸಮ ಮಾಡಿದೆ.

4. ದಬ್ಬಣದಿಂದ ನಡುವೆ ಸಣ್ಣ ತೂತು ಮಾಡಿ, ತಿರುಪಿಗೆ ಸಾಬೂನು ಸವರಿ ತಿರುಗಿಸಿದೆ. ಬಿಗಿಯಾಯಿತೆನ್ನುವಾಗ ನಿಲ್ಲಿಸಬೇಕು. ಮತ್ತೊಂದು ಸುತ್ತು ಹಾಕುವ ಆಸೆಯೇ ಎಳೆ ಹರಿಯುವುದು.

ಎಲ್ಲಿ ನಡೆಯದು?

ಹುಣಸೆ ಅಂಟು ನೀರಿಗೆ ಕರಗುತ್ತದೆ. ಮಳೆ ಸಿಡಿಯುವ ಬಾಗಿಲಿಗೆ ಬೇಡ. ಗೆದ್ದಲು ಹಿಡಿದ ಹಲಗೆಗೂ ಈ ಉಪಾಯ ಸಲ್ಲದು, ಹಲಗೆಯನ್ನೇ ಬದಲಿಸಬೇಕು. ತೆಳು ಹಲಗೆಗೆ ಆರಪಾರ ಬೋಲ್ಟು ಹಾಕಿ, ಹಿಂದೆ ಡಬ್ಬಿ ತಗಡಿನ ಬಿಲ್ಲೆಯಿಟ್ಟು ನಟ್ಟು ಬಿಗಿಯುವುದೇ ಸರಿ. ಬೀಗದ ಜಗ್ಗಾಟ ಬೀಳುವುದರಿಂದ ನಾನೂ ಮುಂದೆ ಹಾಗೇ ಮಾಡಬೇಕೆಂದಿದ್ದೇನೆ. ಕಬ್ಬಿಣದ ಕಪಾಟಿನ ನಟ್ಟು ಪದೇ ಪದೇ ಸಡಿಲಾದರೆ, ಹಳೆ ಟ್ಯೂಬಿನ ರಬ್ಬರು ದುಂಡಗೆ ಕತ್ತರಿಸಿ ಅದರ ಕೆಳಗಿಡಿ.

ಸಲಿಕೆ, ಕೊಡಲಿ ಕಾವಿನ ಲೆಕ್ಕವೂ ಇದೇ. ಸಡಿಲಾದ ಕಾವನ್ನು ನೀರಲ್ಲಿ ನೆನೆಸಿದರೆ ಆ ದಿನಕ್ಕೆ ಬಿಗಿ. ಒಣಗಿದ ಮೇಲೆ ಮೊದಲಿಗಿಂತ ಸಡಿಲು. ಒಣಗಿದ ಗಟ್ಟಿ ಕಟ್ಟಿಗೆಯ ಬೆಣೆ ಬಡಿದರೆ ಮಾತ್ರ ನಿಲ್ಲುತ್ತದೆ.

ನನ್ನ ಹಿಡಿಕೆ ಎರಡು ಮುಂಗಾರು ಕಳೆದರೂ ಅಲುಗಾಡಿಲ್ಲ. ಖರ್ಚು ಅರ್ಧ ಪೆಟ್ಟಿಗೆ ಬೆಂಕಿಕಡ್ಡಿ. ಯಲಬುರ್ಗಾದ ಎರೆ ಸೀಮೆಯಿರಲಿ, ಗಂಗಾವತಿಯ ಭತ್ತದ ಗದ್ದೆಯಿರಲಿ, ಸಿಂಪರಣೆಯ ಬಾಟಲಿ ಇಲ್ಲದ ರೈತನ ಮನೆ ಕಡಿಮೆ. ಇವತ್ತು ಸಂಜೆ ದೀಪ ಹಚ್ಚುವ ಮೊದಲು, ನಿಮ್ಮ ಕಪಾಟಿನ ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಿ.